ಎಲ್ಲ ‘ಎವಿಕ್ಷನ್’ಗೂ ‘ಒಕ್ಕಲೆಬ್ಬಿಸು’ ಹೊಂದುತ್ತದೆಯೇ?

ಪ್ರಶ್ನೆ: ನಮಸ್ಕಾರ. ಮಲೆನಾಡಿನ ಅರಣ್ಯಭೂಮಿ ಪ್ರಕರಣದ ಇಂಗ್ಲಿಷ್ ಆದೇಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಎವಿಕ್ಷನ್’ ಬಂದಲ್ಲೆಲ್ಲ ‘ಒಕ್ಕಲೆಬ್ಬಿಸುವುದು’ ಎಂದು ಬರೆದಿದ್ದೆ. ಕರಡು ನೋಡಿದವರು ಎಲ್ಲವನ್ನೂ ‘ಒತ್ತುವರಿ ತೆರವು’ ಎಂದು ತಿದ್ದಿದ್ದಾರೆ. ಯಾವುದು ಸರಿ?

ಉತ್ತರ (ಕಾನೂನು ಅನುವಾದಕಿ): ನೀವು ಬರೆದದ್ದೇ ಸರಿ, ತಿದ್ದುಪಡಿ ಒಪ್ಪಬೇಡಿ. ‘ಒಕ್ಕಲು’ ಎಂದರೆ ನೆಲೆ, ಸಂಸಾರ, ಸಾಗುವಳಿದಾರ. ದಕ್ಷಿಣ ಕನ್ನಡದ ಕಡೆ ಗೃಹಪ್ರವೇಶಕ್ಕೆ ಇಂದಿಗೂ ‘ಮನೆ ಒಕ್ಕಲು’ ಎನ್ನುತ್ತಾರೆ. ಹಾಗೆ ನೆಲೆಯೂರಿದವರನ್ನು ಎಬ್ಬಿಸುವುದೇ ಒಕ್ಕಲೆಬ್ಬಿಸುವುದು. ಒಕ್ಕಲು + ಎಬ್ಬಿಸು, ಲೋಪಸಂಧಿ. ‘ಲೆ’ ಹ್ರಸ್ವ, ‘ಒಕ್ಕಲೇಬ್ಬಿಸು’ ತಪ್ಪು.

ವಾಕ್ಯದಲ್ಲಿ ಕರ್ಮ ಯಾವುದು ನೋಡಿ. ಜನರನ್ನು ಒಕ್ಕಲೆಬ್ಬಿಸುತ್ತಾರೆ, ಜಾಗವನ್ನು, ಕಟ್ಟಡವನ್ನು ತೆರವುಗೊಳಿಸುತ್ತಾರೆ. ‘ಜಮೀನನ್ನು ಒಕ್ಕಲೆಬ್ಬಿಸಿದರು’ ಎನ್ನಲಾಗದು. ‘40 ಕುಟುಂಬಗಳ ತೆರವು’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಕಾಣುತ್ತದೆ, ಆದರೆ ಅದು ಮನುಷ್ಯರನ್ನು ರಸ್ತೆಯ ಮೇಲಿನ ಮಣ್ಣಿನ ಗುಡ್ಡೆಯಂತೆ ಕಾಣುವ ಭಾಷೆ. ನಾನಂತೂ ಬರೆಯುವುದಿಲ್ಲ.

‘ಒತ್ತುವರಿ’ಯದು ಇನ್ನೂ ದೊಡ್ಡ ತೊಂದರೆ. ಮೂಲದಲ್ಲಿ ‘ಎನ್‌ಕ್ರೋಚ್‌ಮೆಂಟ್’ ಇದ್ದರೆ ಮಾತ್ರ ಆ ಪದ ಹಾಕಿ. ಇಲ್ಲದಿದ್ದರೆ ನ್ಯಾಯಾಲಯ ಹೇಳದ ಆರೋಪವನ್ನು ಅನುವಾದಕರೇ ಹೊರಿಸಿದಂತಾಗುತ್ತದೆ.

ಮರುಪ್ರಶ್ನೆ: ‘ಒಕ್ಕಲೆಬ್ಬಿಸು’ ಎಂದರೆ ಅವರಿಗೆ ಹಕ್ಕಿದೆ ಎಂದು ನಾವೇ ಒಪ್ಪಿಕೊಂಡಂತೆ ಆಗುವುದಿಲ್ಲವೇ?

ಉತ್ತರ (ಭೂ ಪ್ರಕರಣಗಳ ವಕೀಲರು): ಇಲ್ಲ ಸರ್. ಒಕ್ಕಲು ಇರುವುದು ಬೇರೆ, ಮಾಲೀಕತ್ವ ಬೇರೆ. ಗೇಣಿ ಕಾಲದ ಒಕ್ಕಲುಗಳಿಗೆ ಉಳುವ ನೆಲದ ಒಡೆತನ ಇರಲಿಲ್ಲ, ಧಣಿ ಮನಸ್ಸು ಮಾಡಿದರೆ ಎಬ್ಬಿಸಬಹುದಿತ್ತು. ಆ ಪದದ ಬಿಸಿ ಬಂದದ್ದು ಅಲ್ಲಿಂದ. 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಒಕ್ಕಲುಗಳು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಹಕ್ಕು ಪಡೆದದ್ದು ಆಮೇಲೆ.

ನಿಮ್ಮದು ಅರಣ್ಯದ ವಿಷಯವಾದ್ದರಿಂದ 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಂ ಗಮನಿಸಿ: ಹಕ್ಕು ಮಾನ್ಯತೆ ಮತ್ತು ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಯನ್ನು ಸ್ವಾಧೀನದ ಭೂಮಿಯಿಂದ ಎಬ್ಬಿಸುವಂತಿಲ್ಲ. ಬುಡಕಟ್ಟಿನವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಬೇಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹೆಚ್ಚಿನ ಅರ್ಜಿಗಳು ಎಡವುವುದು ಈ 75 ವರ್ಷದ ದಾಖಲೆಯಲ್ಲಿ. ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನಗಳಲ್ಲಿ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬಹುದು. ಪರಿಶೀಲನೆಯಲ್ಲಿರುವ ಅರ್ಜಿದಾರನನ್ನು ಅನುವಾದದಲ್ಲಿ ‘ಒತ್ತುವರಿದಾರ’ ಎಂದರೆ ತೀರ್ಮಾನಕ್ಕೆ ಮುಂಚೆಯೇ ತೀರ್ಪು ಕೊಟ್ಟಂತೆ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕೃತರಾದವರನ್ನು ಎಬ್ಬಿಸಲು ಹೇಳಿ, ಅದೇ ತಿಂಗಳ 28ರಂದು ತಡೆ ಕೊಟ್ಟಿತು. ತಿರಸ್ಕಾರವೇ ಕ್ರಮಬದ್ಧವಾಗಿ ನಡೆದಿದೆಯೇ ಎಂಬುದು ಆಗ ಎದ್ದ ಪ್ರಶ್ನೆ.

ಮರುಪ್ರಶ್ನೆ: ಬಾಡಿಗೆ ಮನೆಗೆ? ‘ಗಡಿಪಾರು’, ‘ಎತ್ತಂಗಡಿ’ಗಳೂ ಗೊಂದಲ ಮಾಡುತ್ತಿವೆ.

ಉತ್ತರ (ಕಾನೂನು ಅನುವಾದಕಿ): ಬಾಡಿಗೆದಾರರಿಗೆ ‘ಮನೆ ಖಾಲಿ ಮಾಡಿಸುವುದು’ ಸಾಕು, ಅಲ್ಲಿ ‘ಒಕ್ಕಲೆಬ್ಬಿಸು’ ಭಾರವಾಗುತ್ತದೆ. ಗಡಿಪಾರು ಎಂದರೆ ವ್ಯಕ್ತಿಯನ್ನು ಒಂದು ಸರಹದ್ದಿನ ಆಚೆ ಕಳಿಸುವುದು. 1963ರ ಪೊಲೀಸ್ ಕಾಯ್ದೆಯ 55ನೇ ಕಲಂನಡಿ ಆಗುವುದು ಇದೇ, ಗರಿಷ್ಠ ಎರಡು ವರ್ಷ. ಮನೆ, ಜಮೀನಿಗೆ ಸಂಬಂಧವಿಲ್ಲ. ಎತ್ತಂಗಡಿ ಅಧಿಕಾರಿಗಳ ವರ್ಗಾವಣೆಗೆ ಆಡುಮಾತಿನಲ್ಲಿ ಸರಿ, ಆದೇಶದಲ್ಲಿ ಬೇಡ. ‘ಸ್ಥಳಾಂತರ’ ಬಳಸುವಾಗ ಎಚ್ಚರ: ಒಪ್ಪಿ ಹೋದವರಿಗೂ ಅದೇ ಪದ ಇರುವುದರಿಂದ ಬಲವಂತ ಕಾಣದೆ ಹೋಗುತ್ತದೆ. ಬಲವಂತ ನಡೆದಿದ್ದರೆ ‘ಬಲವಂತದ ಸ್ಥಳಾಂತರ’ ಎಂದೇ ಬರೆಯಿರಿ.

ನಿಮ್ಮ ಆದೇಶದ ವಾಕ್ಯ ಹೀಗಿರಲಿ: ‘ಪರಿಶೀಲನೆ ಪೂರ್ಣಗೊಳ್ಳುವವರೆಗೆ ಅರ್ಜಿದಾರರನ್ನು ಸದರಿ ಜಮೀನಿನಿಂದ ಒಕ್ಕಲೆಬ್ಬಿಸತಕ್ಕದ್ದಲ್ಲ.’