ಗೀಸರ್ ನೀರು ಕುದಿಯುತ್ತಿದೆ, ಕೆಂಪು ಲೈಟ್ ಆರುತ್ತಲೇ ಇಲ್ಲ

ಹೊಸೂರಿನವ:
ನಮಸ್ಕಾರ. ನಮ್ಮ ಮನೆ ಹೊಸೂರಿನಲ್ಲಿ, ಬೋರ್‌ವೆಲ್ ನೀರು, 25 ಲೀಟರ್ ಗೀಸರ್. ಈಗ ಚಳಿ ಜಾಸ್ತಿ ಅಂತ ಬೆಳಗ್ಗೆ ಎಲ್ಲರೂ ಬಳಸುತ್ತೇವೆ. ನಲ್ಲಿ ತಿರುಗಿಸಿದರೆ ಮೊದಲು ಬುಸ್ ಅಂತ ಹಬೆ, ಆಮೇಲೆ ಕುದಿಯುವ ನೀರು. ಕೆಂಪು ಲೈಟ್ ಆರುವುದೇ ಇಲ್ಲ. ಒಳಗಿಂದ ಕಟಕಟ ಸದ್ದು ಬೇರೆ. ಪಕ್ಕದ ತಣ್ಣೀರಿನ ನಲ್ಲಿಯಲ್ಲೂ ಸ್ವಲ್ಪ ಹೊತ್ತು ಬಿಸಿ ನೀರೇ ಬರುತ್ತದೆ. ಕೆಳಗಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿದೆ, ಪಕ್ಕದ ಮನೆಯವರು ಅದಕ್ಕೊಂದು ಎಂಡ್ ಕ್ಯಾಪ್ ಹಾಕಿಬಿಡಿ ಅಂತಾರೆ. ಹಿಂದೆ ಪದೇ ಪದೇ ಕಟೌಟ್ ಬಿದ್ದು ಗೀಸರ್ ಆಫ್ ಆಗುತ್ತಿತ್ತು. ಆಗ ಬಂದ ಎಲೆಕ್ಟ್ರಿಷಿಯನ್ "ಡೈರೆಕ್ಟ್ ಪಣ್ಣಿಟ್ಟೇನ್ ಸಾರ್, ಇನಿ ಪ್ರಾಬ್ಳಮ್ ಇಲ್ಲೆ" (ಡೈರೆಕ್ಟ್ ಮಾಡಿಬಿಟ್ಟಿದ್ದೇನೆ, ಇನ್ನು ತೊಂದರೆ ಇಲ್ಲ) ಅಂದು ಹೋದ. ಥರ್ಮೋಸ್ಟಾಟ್ ಬದಲಿಸಿದರೆ ಸಾಕಾ, ಹೊಸದೇ ತಗೋಬೇಕಾ?

ಅಕ್ಕಲಕೋಟೆ ವೈರಿಂಗ್:
ಸರ್, ಮೊದಲು ಎಂಸಿಬಿ ಆಫ್ ಮಾಡಿ, ಆಮೇಲೆ ಮುಂದೆ ಓದಿ. ಕ್ಯಾಪ್ ಅಂತೂ ಖಂಡಿತ ಹಾಕಬೇಡಿ.

ಗೀಸರಿಗೆ ಇಬ್ಬರು ಕಾವಲುಗಾರರು. ಥರ್ಮೋಸ್ಟಾಟ್ 60-65 ಡಿಗ್ರಿ ಹತ್ತಿರ ಕರೆಂಟ್ ಕಡಿಯಬೇಕು. ಅದು ಕೈಕೊಟ್ಟರೆ 90ರ ಆಸುಪಾಸಿನಲ್ಲಿ ಕಟೌಟ್ ಕಡಿಯುತ್ತದೆ. ನಿಮ್ಮ ಕಟೌಟ್ ಪದೇ ಪದೇ ಬೀಳುತ್ತಿತ್ತು ಅಂದ್ರೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಕೆಟ್ಟಿದ್ದು ಥರ್ಮೋಸ್ಟಾಟ್. ಆ ಮನುಷ್ಯ ಕೆಟ್ಟಿದ್ದನ್ನು ಹಾಗೇ ಬಿಟ್ಟು ಒಳ್ಳೆಯದನ್ನು ತೆಗೆದಿದ್ದಾನೆ. ಕಟೌಟನ್ನು ಬದಿಗಿಟ್ಟು ಕರೆಂಟ್ ನೇರ ಕೊಡುವ ಈ "ಡೈರೆಕ್ಟ್" ಕೆಲಸ ನಮ್ಮ ಕಡೆಯೂ ಮಾಡುತ್ತಾರೆ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ ದುಡ್ಡು ತಗೊಂಡು ಹೋಗಬಹುದಲ್ಲ.

2000 ವಾಟ್ ಕಾಯಿಲ್ ಅಂದ್ರೆ ಸುಮಾರು 8.7 ಆಂಪಿಯರ್. ದಿನವೂ ಅಷ್ಟು ಕರೆಂಟ್ ಹಾಕಿ ತೆಗೆದು ಥರ್ಮೋಸ್ಟಾಟಿನ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದಕ್ಕೇ ಲೈಟ್ ಆರದೆ ಇರುವುದು.

ತಣ್ಣೀರಿನ ನಲ್ಲಿಯಲ್ಲಿ ಬಿಸಿ ಬರುತ್ತಿರುವುದನ್ನೂ ಸುಮ್ನೆ ಬಿಡಬೇಡಿ. ಗೀಸರ್ ನೀರು ತಣ್ಣೀರಿನ ಪೈಪಿಗೆ ವಾಪಸ್ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿಲ್ಲ. ಆದರೆ ಕಾದು ಹಿಗ್ಗಿದ ನೀರು ಮೇಲಿನ ಟ್ಯಾಂಕಿಗೆ ವಾಪಸ್ ಹೋಗಲು ಅದೇ ದಾರಿಯಾಗಿದೆ, ಇಷ್ಟು ದಿನ ನೀವು ಉಳಿದಿದ್ದೂ ಅದರಿಂದಲೇ ಇರಬಹುದು. ಈಗ ಯಾರೋ ಬಂದು ಆ ವಾಲ್ವ್ ಮಾತ್ರ ಸರಿಮಾಡಿ, ಕೆಳಗೆ ಕ್ಯಾಪ್ ಕೂಡ ಹಾಕಿದರು ಅಂದುಕೊಳ್ಳಿ: ಎಲ್ಲ ಕಡೆ ಮುಚ್ಚಿದ ಟ್ಯಾಂಕು, ನಿಲ್ಲದ ಕಾಯಿಲ್. ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ನೀರಾಗಿಯೇ ಇರುತ್ತದೆ, ಟ್ಯಾಂಕ್ ಬಿರಿದ ಕ್ಷಣ ಅದರಲ್ಲಿ ಒಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ಬಚ್ಚಲಿನ ಗೋಡೆ ಉಳಿಯುವುದಿಲ್ಲ. ಹಾಗಾಗಿ ಮೊದಲು ಥರ್ಮೋಸ್ಟಾಟ್ ಮತ್ತು ಕಟೌಟ್, ಆಮೇಲೆ ವಾಲ್ವ್.

ಬದಿಯಡ್ಕ:
ಕಾಸರಗೋಡಿನ ನಮಗೆ ಈ ತಲೆಬಿಸಿಯೇ ಇಲ್ಲ ಮಾರಾಯ್ರೆ, ಬಚ್ಚಲಿನ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುಂಬಿದರೆ ಆಯ್ತು 😀 ತಮಾಷೆ ಬಿಡಿ. ಥರ್ಮೋಸ್ಟಾಟಿನ ಕಡ್ಡಿ ಕೂರುವ ಕೊಳವೆಗೆ ಸುಣ್ಣ ಕಟ್ಟಿದರೂ ಬಿಸಿ ಗೊತ್ತಾಗುವುದು ತಡವಾಗುತ್ತದೆ ಅಲ್ವಾ? ಬೋರ್ ನೀರು ಅಂತಿದ್ದಾರೆ.

ಅಕ್ಕಲಕೋಟೆ ವೈರಿಂಗ್:
ಹೌದು, ಆದರೆ ಹಾಗಿದ್ದರೆ ತಡವಾಗಿಯಾದರೂ ಲೈಟ್ ಆರಬೇಕು. ಇಲ್ಲಿ ಆರುವುದೇ ಇಲ್ಲ. ಅನುಮಾನ ಇದ್ದರೆ ಕರೆಂಟ್ ಪೂರ್ತಿ ತೆಗೆಸಿ, ನೀರು ತಣಿದ ಮೇಲೆ ಥರ್ಮೋಸ್ಟಾಟ್ ಬಿಚ್ಚಿಸಿ, ಅದರ ಕಡ್ಡಿಯನ್ನು ಆಗಷ್ಟೇ ಕುದಿಸಿದ ನೀರಲ್ಲಿ ಅದ್ದಿ. ಟಕ್ ಅಂತ ಸದ್ದಾಗಿ ಮಲ್ಟಿಮೀಟರಿನಲ್ಲಿ ಕಂಟಿನ್ಯೂಟಿ ಹೋಗಬೇಕು, ಅಂದ್ರೆ ಕರೆಂಟಿನ ದಾರಿ ಕಡಿಯಬೇಕು. ಹೋಗದಿದ್ದರೆ ಕಸದ ಬುಟ್ಟಿಗೆ.

ಡೆಂಕಣಿಕೋಟೆ ಅಕ್ಕ:
ಆ ಕಟಕಟ ಸದ್ದು ಸುಣ್ಣದ್ದೇ. ಕಾಯಿಲ್ ಮೇಲಿನ ಪದರದ ಅಡಿಯಲ್ಲಿ ಸಿಕ್ಕ ನೀರು ಕುದಿದು ಹಾಗೆ ಕೇಳುತ್ತದೆ. ನೀರನ್ನು ಒಮ್ಮೆ ಟೆಸ್ಟ್ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 600. ಕಾಯಿಲ್ ಬಿಚ್ಚಿದಾಗ ಸಿಟ್ರಿಕ್ ಆಸಿಡ್ ಬೆರೆಸಿದ ನೀರಲ್ಲಿ ನೆನೆಹಾಕಿ ಉಜ್ಜಿ, ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿಸಬೇಡಿ, ತಾಮ್ರ ತಿನ್ನುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಷಿಯಂ ರಾಡ್ ಸವೆದಿದ್ದರೆ ಅದನ್ನೂ ಬದಲಿಸಿ. ಮುಂದೆ 50-55ಕ್ಕೆ ಇಟ್ಟುಕೊಳ್ಳಿ, ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ಹೊಸೂರಿನವ:
ಎಲ್ಲರಿಗೂ ಥ್ಯಾಂಕ್ಸ್. ಬೇರೆಯವರನ್ನು ಕರೆಸಿ ಬಿಚ್ಚಿಸಿದೆ. ಥರ್ಮೋಸ್ಟಾಟ್ ಕುದಿಯುವ ನೀರಲ್ಲೂ ಟಕ್ ಅನ್ನಲಿಲ್ಲ. ಕಟೌಟಿನ ಎರಡೂ ತುದಿಗೆ ಒಂದು ತುಂಡು ವೈರ್ ಸುತ್ತಿದ್ದ, ಅಷ್ಟೇ ಅವನ ರಿಪೇರಿ! ಎರಡನ್ನೂ ಬದಲಿಸಿದೆವು. ಟ್ಯಾಂಕ್ ಚೆನ್ನಾಗಿದೆ, ಹೊಸ ಗೀಸರ್ ಬೇಡ ಅಂದರು. ಈಗ ಲೈಟ್ ಆರುತ್ತದೆ. ವಾಲ್ವ್ ನಾಳೆ ಹಾಕುತ್ತಾರೆ. ಹೊಸ ವಾಲ್ವ್ ಹಾಕಿದ ಮೇಲೂ ತೊಟ್ಟಿಕ್ಕಿದರೆ?

ಅಕ್ಕಲಕೋಟೆ ವೈರಿಂಗ್:
ನೀರು ಕಾಯುವಾಗ ಒಂದೆರಡು ಹನಿ ಬಿದ್ದರೆ ಸರಿ, ಹಿಗ್ಗಿದ ನೀರು ಹೊರಗೆ ಬರಲೇಬೇಕು. ಲೈಟ್ ಆರಿದ ಮೇಲೂ ಸುರಿಯುತ್ತಿದ್ದರೆ ಮಾತ್ರ ಕರೆಸಿ. ತಣ್ಣೀರಿನ ಪೈಪ್ ಮಾಮೂಲಿ ಪಿವಿಸಿ ಆಗಿದ್ದರೆ ಗೀಸರ್ ಹತ್ತಿರದ ಜಾಯಿಂಟ್ ಮೆತ್ತಗಾಗಿದೆಯಾ ನೋಡಿಸಿ, ಆ ತುಂಡನ್ನು ಬಿಸಿ ನೀರು ತಡೆಯುವ ಸಿಪಿವಿಸಿಗೆ ಬದಲಿಸಿ.