2024ರ ರಾಕ್, ಕಂಟ್ರಿ ಆಲ್ಬಮ್‌ಗಳು: ನನ್ನ ಹತ್ತರ ಪಟ್ಟಿ, ಎಲ್ಲಿ ಎಡವಿದೆ ಹೇಳಿ

ಸೈಡ್ ಬಿ:

2024ರಲ್ಲಿ ಬಂದ ರಾಕ್ ಮತ್ತು ಕಂಟ್ರಿ ಆಲ್ಬಮ್‌ಗಳಲ್ಲಿ ಹತ್ತನ್ನು ಆರಿಸಿ ಕ್ರಮ ಹಾಕುತ್ತಿದ್ದೇನೆ. ಸದ್ಯಕ್ಕೆ ಹೀಗಿದೆ:

1. ವ್ಯಾಕ್ಸಹ್ಯಾಚಿ – ಟೈಗರ್ಸ್ ಬ್ಲಡ್
2. ದ ಕ್ಯೂರ್ – ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್
3. ಎಂ.ಜೆ. ಲೆಂಡರ್‌ಮನ್ – ಮ್ಯಾನಿಂಗ್ ಫೈರ್‌ವರ್ಕ್ಸ್
4. ಪರ್ಲ್ ಜಾಮ್ – ಡಾರ್ಕ್ ಮ್ಯಾಟರ್
5. ಫಾಂಟೇನ್ಸ್ ಡಿ.ಸಿ. – ರೊಮಾನ್ಸ್
6. ಜಾನಿ ಬ್ಲೂ ಸ್ಕೈಸ್ – ಪಸಾಜ್ ದ್ಯು ದೆಸಿರ್
7. ಗಿಲಿಯನ್ ವೆಲ್ಚ್, ಡೇವಿಡ್ ರಾಲಿಂಗ್ಸ್ – ವುಡ್‌ಲ್ಯಾಂಡ್
8. ಜ್ಯಾಕ್ ವೈಟ್ – ನೋ ನೇಮ್
9. ಬಿಯಾನ್ಸೆ – ಕೌಬಾಯ್ ಕಾರ್ಟರ್
10. ಕ್ರಿಸ್ ಸ್ಟೇಪಲ್‌ಟನ್ – ಹೈಯರ್

ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು, ರಾಕ್ ಒಂದು, ಕಂಟ್ರಿ ಒಂದು ಅಂತ ಎರಡು ಪಟ್ಟಿ ಮಾಡಬೇಕೋ, ಒಂದೇ ಸಾಕೋ? ಎರಡನೆಯದು, ಕೌಬಾಯ್ ಕಾರ್ಟರ್‌ನಲ್ಲಿ 27 ಟ್ರ್ಯಾಕ್, ಕ್ಯೂರ್‌ನಲ್ಲಿ 8 ಹಾಡು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಮೂರನೆಯದು, ಎಲ್ಲವನ್ನೂ ಒಂದು ಪ್ಲೇಲಿಸ್ಟ್‌ಗೆ ಹಾಕಿ ಕೇಳಿದರೆ ಡಾರ್ಕ್ ಮ್ಯಾಟರ್ ಎದುರು ವುಡ್‌ಲ್ಯಾಂಡ್ ಸಪ್ಪೆ ಅನಿಸುತ್ತದೆ. ಅದು ನಿಜವಾಗಿಯೂ ಸಪ್ಪೆಯೇ?

ಡೆಸಿಬೆಲ್:

ಮೂರನೆಯದರಿಂದ ಶುರು ಮಾಡೋಣ. ಅದು ಸರಿಹೋಗದೆ ಉಳಿದ ಯಾವ ಹೋಲಿಕೆಗೂ ಅರ್ಥವಿಲ್ಲ.

ಒಂದೆರಡು ಡೆಸಿಬೆಲ್ ಹೆಚ್ಚಿದ್ದರೆ ಕಿವಿ ಅದನ್ನು "ಜೋರು" ಅಂತ ಗುರುತಿಸುವುದಿಲ್ಲ, "ಇದರಲ್ಲಿ ಜೀವ ಇದೆ" ಅಂತ ಮೆಚ್ಚಿಕೊಂಡುಬಿಡುತ್ತದೆ. ಡಾರ್ಕ್ ಮ್ಯಾಟರ್ ಜೋರಾಗಿ ಮಾಸ್ಟರ್ ಆದ (ಕೊನೆಯ ಹಂತದ ಧ್ವನಿ ಹೊಂದಾಣಿಕೆಯಲ್ಲಿ ಶಬ್ದ ಏರಿಸಿದ) ಆಲ್ಬಮ್, ವುಡ್‌ಲ್ಯಾಂಡ್‌ನಲ್ಲಿ ಮೆಲುದನಿಗೂ ಏರುದನಿಗೂ ನಡುವೆ ಧಾರಾಳ ಜಾಗ ಇದೆ. ಹಾಗಾಗಿ ಮಟ್ಟ ಸರಿಮಾಡದೆ ಹೋಲಿಸಿದರೆ ವುಡ್‌ಲ್ಯಾಂಡ್ ಸೋಲಲೇಬೇಕು.

ಸ್ಪಾಟಿಫೈನಲ್ಲಿ ಕೇಳುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ವಾಲ್ಯೂಮ್ ನಾರ್ಮಲೈಸೇಷನ್ (ಎಲ್ಲವನ್ನೂ ಒಂದೇ ಶಬ್ದಮಟ್ಟಕ್ಕೆ ತರುವ ಸೌಲಭ್ಯ) ಆನ್ ಮಾಡಿ, ಮಟ್ಟವನ್ನು "ನಾರ್ಮಲ್"ನಲ್ಲಿ ಇಡಿ. ಅದು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). "ಲೌಡ್" ಬೇಡ. ಅದು ಮೈನಸ್ 11, ಅಲ್ಲಿಗೆ ಏರಿಸುವಾಗ ಮೆಲುವಾದ ರೆಕಾರ್ಡಿಂಗ್‌ಗಳ ಮೇಲೆ ಲಿಮಿಟರ್ (ಮಿತಿ ಮೀರುವ ಏರುದನಿಯನ್ನು ಅದುಮುವ ವ್ಯವಸ್ಥೆ) ಕೂರುತ್ತದೆ, ಗಿಟಾರ್ ಮೀಟಿದ ಮೊದಲ ಏಟೇ ಮೊಂಡಾಗುತ್ತದೆ. ಕ್ರಾಸ್‌ಫೇಡ್ (ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವುದು) ಸೊನ್ನೆ, ಈಕ್ವಲೈಸರ್ ಆಫ್, ಷಫಲ್ ಆಫ್.

ಮುಖ್ಯ ವಿಷಯ ಪ್ಲೇಲಿಸ್ಟ್. ಆಲ್ಬಮ್ ತೆರೆದು ಕ್ರಮವಾಗಿ ಕೇಳಿದರೆ ಸ್ಪಾಟಿಫೈ ಇಡೀ ಆಲ್ಬಮ್‌ಗೆ ಒಂದೇ ಹೊಂದಾಣಿಕೆ ಹಾಕುತ್ತದೆ, ಮೆಲ್ಲಗಿನ ಹಾಡು ಮೆಲ್ಲಗೇ ಉಳಿಯುತ್ತದೆ. ಬೇರೆ ಬೇರೆ ಆಲ್ಬಮ್‌ನ ಹಾಡುಗಳನ್ನು ಬೆರೆಸಿದ ಕೂಡಲೇ ಲೆಕ್ಕ ಹಾಡಿಗೊಂದರಂತೆ ಆಗುತ್ತದೆ. ಆಗ ಕೌಬಾಯ್ ಕಾರ್ಟರ್‌ನ ಪುಟ್ಟ ಮಾತಿನ ತುಣುಕುಗಳೂ ಪೂರ್ತಿ ಹಾಡಿನಷ್ಟೇ ಎತ್ತರಕ್ಕೆ ಬರುತ್ತವೆ. ಆ ಪ್ಲೇಲಿಸ್ಟ್ ಅಳಿಸಿಬಿಡಿ. ಫೈಲ್ ಅಥವಾ ಸಿಡಿಯಿಂದ ಕೇಳುವವರಾದರೆ ಫೂಬಾರ್2000 ಎಂಬ ಪ್ಲೇಯರ್ ತಂತ್ರಾಂಶದಲ್ಲಿ ಆಲ್ಬಮ್‌ನ ಎಲ್ಲ ಹಾಡನ್ನೂ ಒಟ್ಟಿಗೆ ಆಯ್ದು ರೀಪ್ಲೇಗೇನ್ (ಶಬ್ದಮಟ್ಟ ಅಳೆದು ಸರಿಹೊಂದಿಸುವ ವಿಧಾನ) ಸ್ಕ್ಯಾನ್ ಮಾಡಿಸಿ, ಪ್ಲೇಬ್ಯಾಕ್‌ನಲ್ಲೂ ಟ್ರ್ಯಾಕ್ ಬದಲು ಆಲ್ಬಮ್ ಮೋಡ್ ಆರಿಸಿ.

ಇಷ್ಟು ಮಾಡಿ ಮತ್ತೆ ಕೇಳಿ. ನಾರ್ಮಲೈಸೇಷನ್ ಶಬ್ದವನ್ನು ತಗ್ಗಿಸಬಹುದು, ಅದುಮಿಟ್ಟ ಡ್ರಮ್ ಏಟನ್ನು ವಾಪಸ್ ತರಲಾರದು. ಡಾರ್ಕ್ ಮ್ಯಾಟರ್‌ನ ಕೋರಸ್‌ಗಳಲ್ಲಿ ಸ್ನೇರ್ ಡ್ರಮ್ ಒಂದಕ್ಕೇ ಕಿವಿ ಕೊಡಿ, ಗಿಟಾರ್‌ಗಳ ಗೋಡೆಯಿಂದ ಅದು ಹೊರಗೆ ಬರುವುದೇ ಇಲ್ಲ. ಹಾಡುಗಳು ಒಳ್ಳೆಯವು, ಮ್ಯಾಟ್ ಕ್ಯಾಮರನ್ ಬಾರಿಸಿರುವುದೂ ಸೊಗಸಾಗಿದೆ, ಅದಕ್ಕೇ ಬೇಸರ. ನಾನಾದರೆ ನಾಲ್ಕರಲ್ಲಿ ಇಡುವುದಿಲ್ಲ.

ಹತ್ತು ತಂತಿ:

ಒಂದೇ ಪಟ್ಟಿ ಮಾಡಿ. 2024ರಲ್ಲಿ ಎರಡಾಗಿ ಸೀಳಲು ಹೋದರೆ ನಿಮ್ಮ ಮೊದಲ ಮೂರರಲ್ಲೇ ಗೆರೆ ಎಳೆಯಲು ಜಾಗ ಸಿಗುವುದಿಲ್ಲ. ಲೆಂಡರ್‌ಮನ್ ಟೈಗರ್ಸ್ ಬ್ಲಡ್‌ನಲ್ಲಿ ಗಿಟಾರ್ ನುಡಿಸಿ ದನಿಯನ್ನೂ ಕೂಡಿಸಿದ್ದಾರೆ. ಆಮೇಲೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರದೇ ಆಲ್ಬಮ್ ಬಂತು, ಅಲ್ಲಿ ಒರಟು ಗಿಟಾರ್‌ಗೆ ಜೊತೆಯಾಗಿ ಕ್ಸ್ಯಾಂಡಿ ಚೆಲ್ಮಿಸ್ ಅವರ ಪೆಡಲ್ ಸ್ಟೀಲ್ (ಅಡ್ಡಲಾಗಿ ಇಟ್ಟು, ಪೆಡಲ್ ತುಳಿದು ಸ್ವರ ಬದಲಿಸುವ ಗಿಟಾರ್) ಇದೆ. ಒಂದನ್ನು ಕಂಟ್ರಿಗೆ, ಇನ್ನೊಂದನ್ನು ರಾಕ್‌ಗೆ ಹಾಕಿದರೆ ಒಂದೇ ಮನೆಯವರನ್ನು ಬೇರೆ ಮಾಡಿದಂತೆ.

ಪೆಡಲ್ ಸ್ಟೀಲ್ ಇದ್ದ ಮಾತ್ರಕ್ಕೆ ಕಂಟ್ರಿ ಆಗುವುದಿಲ್ಲ, ಅದು ಏನು ಮಾಡುತ್ತಿದೆ ಅನ್ನುವುದನ್ನು ಕೇಳಬೇಕು. ನ್ಯಾಶ್‌ವಿಲ್ ಶೈಲಿಯ ವಾದ್ಯಕ್ಕೆ ಹತ್ತು ತಂತಿ, ಇ9 ಶ್ರುತಿ. ಎ ಪೆಡಲ್ ತುಳಿದರೆ ಬಿ ಸ್ವರದ ತಂತಿಗಳು ಸಿ ಶಾರ್ಪ್‌ಗೆ ಏರುತ್ತವೆ, ಬಿ ಪೆಡಲ್ ತುಳಿದರೆ ಜಿ ಶಾರ್ಪ್ ತಂತಿಗಳು ಎ ಸ್ವರಕ್ಕೆ. ಎರಡನ್ನೂ ಒಟ್ಟಿಗೆ ತುಳಿದರೆ, ಕೈಯಲ್ಲಿರುವ ಸ್ಟೀಲ್ ಬಾರ್ ಇದ್ದಲ್ಲೇ ಇದ್ದು, ಇ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎ ಕಾರ್ಡ್ ಆಗುತ್ತದೆ. ಒಂದು ತಂತಿ ಕದಲದೆ ನಿಂತಿರುವಾಗ ಪಕ್ಕದ್ದು ಜಾರಿಕೊಂಡು ಮೇಲೇರುವ ಆ ಅಳುವಂಥ ದನಿ ಹುಟ್ಟುವುದೇ ಇಲ್ಲಿಂದ. ಹಳೆಯ ಕಂಟ್ರಿಯಲ್ಲಿ ಅದು ಹಾಡಿನ ಸಾಲು ಮುಗಿದ ಮೇಲೆ ಉತ್ತರ ಕೊಡುತ್ತದೆ. ಮ್ಯಾನಿಂಗ್ ಫೈರ್‌ವರ್ಕ್ಸ್‌ನಲ್ಲಿ ಬಹುಪಾಲು ದನಿಯ ಕೆಳಗೇ ಉದ್ದಕ್ಕೆ ಹಾಸಿಕೊಂಡಿರುತ್ತದೆ. ಈ ವ್ಯತ್ಯಾಸ ಹೆಡ್‌ಫೋನ್‌ನಲ್ಲಿ ತಕ್ಷಣ ಸಿಗುತ್ತದೆ, ಫೋನಿನ ಸ್ಪೀಕರ್‌ನಲ್ಲಿ ಮಾಯ.

ವುಡ್‌ಲ್ಯಾಂಡ್ ಏಳನೇ ಸ್ಥಾನದಲ್ಲಿ ಇರುವುದು ನನಗೆ ಒಪ್ಪಿಗೆ ಇಲ್ಲ. ರಾಲಿಂಗ್ಸ್ ಅವರ ಗಿಟಾರ್ 1935ರ ಎಪಿಫೋನ್ ಒಲಿಂಪಿಕ್, ಸಣ್ಣ ಆರ್ಚ್‌ಟಾಪ್ (ಮೇಲ್ಮೈ ಉಬ್ಬಿರುವ ಗಿಟಾರ್). ಅದರಲ್ಲಿ ಬೇಸ್ ಕಡಿಮೆ, ನಡುಸ್ಥಾಯಿ ಮೊನಚು. ವೆಲ್ಚ್ ಅವರ ಗಿಬ್ಸನ್ ಜೆ-50 ಕೆಳಗಿನ ಜಾಗ ತುಂಬುತ್ತದೆ. ಎರಡು ಗಿಟಾರ್ ಒಂದನ್ನೊಂದು ಮುಚ್ಚದೆ ಇರುವುದಕ್ಕೆ ಇದೇ ಕಾರಣ. ಇನ್ನು ರಾಲಿಂಗ್ಸ್ ಕಾರ್ಡ್‌ನ ಒಳಗಿಲ್ಲದ ಸ್ವರದ ಮೇಲೆ ಬೇಕೆಂದೇ ನಿಂತು, ತಡವಾಗಿ ಮನೆ ಸೇರುತ್ತಾರೆ. ಕಾಫಿ ಕುಡಿಯುತ್ತಾ ಹಿನ್ನೆಲೆಗೆ ಹಾಕಿಕೊಂಡರೆ ಇದು ಕೇಳಿಸುವುದಿಲ್ಲ. 2020ರ ಮಾರ್ಚ್ ಸುಂಟರಗಾಳಿಗೆ ಹಾನಿಯಾದ ಅವರದೇ ಸ್ಟುಡಿಯೋದ ಹೆಸರನ್ನು ಆಲ್ಬಮ್‌ಗೆ ಇಟ್ಟಿದ್ದಾರೆ. ಹತ್ತು ಹಾಡು, ಒಂದೂ ಹೆಚ್ಚಲ್ಲ.

ಲೈನರ್ ನೋಟ್ಸ್:

ಪಟ್ಟಿಯಲ್ಲಿ ಒಂದು ನೇರ ತಪ್ಪಿದೆ. ಹೈಯರ್ ಬಂದದ್ದು 2023ರ ನವೆಂಬರ್ 10ರಂದು. ಗೊಂದಲಕ್ಕೆ ಕಾರಣ ಗ್ರ್ಯಾಮಿ ಇರಬೇಕು. 2025ರ ಫೆಬ್ರವರಿಯ ಗ್ರ್ಯಾಮಿಗೆ 2023ರ ಸೆಪ್ಟೆಂಬರ್ 16ರಿಂದ 2024ರ ಆಗಸ್ಟ್ 30ರವರೆಗಿನ ಆಲ್ಬಮ್‌ಗಳು ಅರ್ಹ. ಅದಕ್ಕೇ ರೋಲಿಂಗ್ ಸ್ಟೋನ್ಸ್‌ನ ಹ್ಯಾಕ್ನಿ ಡೈಮಂಡ್ಸ್ 2023ರ ಅಕ್ಟೋಬರ್‌ನದ್ದಾದರೂ ಆ ಸಲದ ರಾಕ್ ಪ್ರಶಸ್ತಿ ಪಡೆಯಿತು. ನವೆಂಬರ್ 1ಕ್ಕೆ ಬಂದ ಕ್ಯೂರ್ ಆ ಅವಧಿಗೇ ಸೇರಲಿಲ್ಲ. ನಿಮ್ಮ ಪಟ್ಟಿಗೆ ಜನವರಿ 1ರಿಂದ ಡಿಸೆಂಬರ್ 31ರ ಲೆಕ್ಕ ಸಾಕು, ಆದರೆ ದಿನಾಂಕ ಡೀಲಕ್ಸ್ ಆವೃತ್ತಿಯದ್ದಲ್ಲ, ಮೊದಲ ಬಿಡುಗಡೆಯದ್ದೇ ಆಗಬೇಕು. ನೋ ನೇಮ್‌ಗೆ ಎರಡು ದಿನಾಂಕ ಕಾಣುತ್ತದೆ: ಜುಲೈ 19ಕ್ಕೆ ವೈಟ್ ಅವರದೇ ಥರ್ಡ್ ಮ್ಯಾನ್ ಅಂಗಡಿಗಳಲ್ಲಿ ಹೆಸರೇ ಇಲ್ಲದ ಎಲ್‌ಪಿಯನ್ನು (ವಿನೈಲ್ ತಟ್ಟೆ) ಗಿರಾಕಿಗಳ ಚೀಲಕ್ಕೆ ಪುಕ್ಕಟೆ ಸೇರಿಸಿದರು, ಎಲ್ಲರಿಗೂ ಸಿಕ್ಕಿದ್ದು ಆಗಸ್ಟ್ 2ಕ್ಕೆ. ಜಾನಿ ಕ್ಯಾಶ್ ಅವರ ಸಾಂಗ್‌ರೈಟರ್ ಸೇರಿಸುವ ಯೋಚನೆ ಇದ್ದರೆ, ಅದರ ದನಿ 1993ರದ್ದು, ವಾದ್ಯಗಳನ್ನು ಆಮೇಲೆ ಕಟ್ಟಿದ್ದಾರೆ. ಹೊಸ ಆಲ್ಬಮ್‌ಗಳ ಸಾಲಿನಲ್ಲಿ ಬೇಡ.

27 ಮತ್ತು 8ರ ವಿಚಾರ. ಹಾಡಿಗೆ ಅಂಕ ಕೊಟ್ಟು ಸರಾಸರಿ ತೆಗೆಯಲೇಬೇಡಿ. ಕೌಬಾಯ್ ಕಾರ್ಟರ್‌ನ ತುಣುಕುಗಳು ರೇಡಿಯೋ ಕಾರ್ಯಕ್ರಮದ ಚೌಕಟ್ಟು. ಅಲ್ಲಿ ಮಾತಾಡುವ ಲಿಂಡಾ ಮಾರ್ಟೆಲ್ 1970ರಲ್ಲೇ ಕಂಟ್ರಿ ಆಲ್ಬಮ್ ತಂದ ಕಪ್ಪು ಗಾಯಕಿ, ಅವರನ್ನು ಕತ್ತರಿಸಿದರೆ ಆಲ್ಬಮ್‌ನ ವಾದವೇ ಬಿದ್ದುಹೋಗುತ್ತದೆ. ಕ್ಯೂರ್‌ನಲ್ಲಿ ಮೊದಲ ಹಾಡಿಗೆ ದನಿ ಬರುವುದೇ ಮೂರು ನಿಮಿಷ ದಾಟಿದ ಮೇಲೆ, ಹತ್ತು ನಿಮಿಷ ಮೀರುವ ಕೊನೆಯದರಲ್ಲಿ ಇನ್ನೂ ತಡ. ಸರಾಸರಿಯಲ್ಲಿ ಇದು "ನಿಧಾನ" ಅಂತ ಅಂಕ ಕಳೆದುಕೊಳ್ಳುತ್ತದೆ, ಒಟ್ಟಿಗೆ ಕೇಳಿದರೆ ಆ ಕಾಯುವಿಕೆಯೇ ಆಲ್ಬಮ್. ಹಾಗಾಗಿ ಪ್ರತಿಯೊಂದನ್ನೂ ಒಂದೇ ಕೂರಿಕೆಯಲ್ಲಿ, ಕನಿಷ್ಠ ಎರಡು ಸಲ, ನಡುವೆ ಕೆಲವು ದಿನ ಬಿಟ್ಟು ಕೇಳಿ. ಕೇಳಿದ ಮರುದಿನ ಮತ್ತೆ ಹಾಕದೆ, ನೆನಪಿಗೆ ಬರುವ ಹಾಡುಗಳನ್ನು ಬರೆದಿಡಿ. ಎರಡು ಆಲ್ಬಮ್ ಸಮ ಅನಿಸಿದರೆ ಆ ಚೀಟಿ ನೋಡಿ. ಡಿಸೆಂಬರ್‌ನಲ್ಲಿ ಪಟ್ಟಿ ಮಾಡುವಾಗ ಮಾರ್ಚ್‌ನ ಆಲ್ಬಮ್ ಹಳಸಿದಂತೆ, ನವೆಂಬರ್‌ನದ್ದು ಬಿಸಿಯಾಗಿ ಕಾಣುವುದು ಸಹಜ, ಚೀಟಿ ಅದನ್ನೂ ಸ್ವಲ್ಪ ಸರಿದೂಗಿಸುತ್ತದೆ.

ಇನ್ನೊಂದು ಎಚ್ಚರಿಕೆ: ಕೌಬಾಯ್ ಕಾರ್ಟರ್‌ನ ಮೊದಲ ಎಲ್‌ಪಿ ಮುದ್ರಣದಲ್ಲಿ ಐದು ಟ್ರ್ಯಾಕ್ ಇಲ್ಲ. ಅದನ್ನು ಕೇಳಿ ತೀರ್ಪು ಕೊಡಬೇಡಿ.

ಸೈಡ್ ಬಿ:

ಉಪಕಾರವಾಯಿತು. ಹೈಯರ್ ತೆಗೆದೆ, ಪ್ಲೇಲಿಸ್ಟ್ ಅಳಿಸಿದೆ, ಮಟ್ಟ ಸರಿಮಾಡಿ ವುಡ್‌ಲ್ಯಾಂಡ್ ಮತ್ತೆ ಕೇಳಿದೆ. ಅದು ಎರಡಕ್ಕೆ ಏರಿದೆ, ಡಾರ್ಕ್ ಮ್ಯಾಟರ್ ಒಂಬತ್ತಕ್ಕೆ ಇಳಿದಿದೆ. ಖಾಲಿಯಾದ ಹತ್ತನೇ ಜಾಗಕ್ಕೆ ಬಿಲ್ಲಿ ಸ್ಟ್ರಿಂಗ್ಸ್‌ನ ಹೈವೇ ಪ್ರೇಯರ್ಸ್ ನಡೆಯುತ್ತದೆಯೇ? ಬ್ಲೂಗ್ರಾಸ್ (ಬ್ಯಾಂಜೋ, ಮ್ಯಾಂಡೊಲಿನ್‌ಗಳ ತಂತಿವಾದ್ಯ ಸಂಗೀತ) ಅಂತ ಅನುಮಾನ.

ಹತ್ತು ತಂತಿ:

ಧಾರಾಳವಾಗಿ. ಒಂದೇ ಪಟ್ಟಿ ಅಂದ ಮೇಲೆ ಬ್ಲೂಗ್ರಾಸ್‌ಗೆ ಬಾಗಿಲು ಹಾಕುವುದೇಕೆ? ಇಪ್ಪತ್ತು ಟ್ರ್ಯಾಕ್ ಇದೆ, ಜಾನ್ ಬ್ರಯಾನ್ ಜೊತೆಗೂಡಿ ನಿರ್ಮಿಸಿದ್ದು. ವಾದ್ಯಗಳಷ್ಟೇ ಇರುವ ಟ್ರ್ಯಾಕ್‌ಗಳನ್ನು ಹಾರಿಸದೆ ಕೇಳಿ. ಮಟ್ಟ "ನಾರ್ಮಲ್"ನಲ್ಲೇ ಇರಲಿ, ಬ್ಯಾಂಜೋ ಮತ್ತು ಮ್ಯಾಂಡೊಲಿನ್ ಏಟುಗಳ ಮೇಲೆ ಲಿಮಿಟರ್ ಕೂತರೆ ಮೊದಲು ಹಾಳಾಗುವುದು ಅವೇ.