ಹಾರುವ ವಿಮಾನದ ಚಿತ್ರಗಳು: ಪ್ರೊಪೆಲ್ಲರ್ ನಿಂತಂತೆ ಕಾಣುವುದೇಕೆ? ಅವನ್ನು ಜಾಲತಾಣದಲ್ಲಿ ಹಾಕಬಹುದೇ?

ಪ್ರಶ್ನೆ – ಮಾಳಿಗೆಯ ಕ್ಯಾಮೆರಾ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣಕ್ಕಿಂತ ಊರಿನ ಕಡೆಗೆ, ನಮ್ಮ ಸೋದರಮಾವನ ಮನೆಯಿದೆ. ಅದರ ಮಾಳಿಗೆಯ ಮೇಲೆ ನಿಂತರೆ ಇಳಿಯಲು ಬರುವ ವಿಮಾನಗಳು ಚೆನ್ನಾಗಿ ಕಾಣುತ್ತವೆ. ಈ ಮಳೆಗಾಲದಲ್ಲಿ ಪ್ರತಿ ರವಿವಾರ ಅಲ್ಲಿಗೆ ಹೋಗಿ ಚಿತ್ರ ತೆಗೆಯುತ್ತಿದ್ದೇನೆ. ನನ್ನ ಬಳಿ ಇರುವುದು 24 ಮೆಗಾಪಿಕ್ಸೆಲ್‌ನ, ಎಪಿಎಸ್-ಸಿ ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ, ಸುಮಾರು 23 ಮಿ.ಮೀ. ಅಗಲದ ಫಲಕದ) ಹಳೆಯ ಡಿಎಸ್‌ಎಲ್‌ಆರ್ ಮತ್ತು 70–300 ಮಿ.ಮೀ. ಲೆನ್ಸ್.

ನನ್ನ ತೊಂದರೆಗಳು ಎರಡು ಬಗೆಯವು. ಮೊದಲನೆಯದು ಚಿತ್ರದ್ದು. ಚಿತ್ರ ಅಲುಗಬಾರದೆಂದು ಶಟರ್ ವೇಗವನ್ನು 1/1000 ಸೆಕೆಂಡಿಗೆ ಇಡುತ್ತೇನೆ. ಇಂಡಿಗೊದ ಎಟಿಆರ್ ವಿಮಾನ ಸ್ಪಷ್ಟವಾಗಿಯೇ ಬರುತ್ತದೆ, ಆದರೆ ಅದರ ಪ್ರೊಪೆಲ್ಲರಿನ ಅಲಗುಗಳು ನಿಂತೇಬಿಟ್ಟಂತೆ ಕಂಡು, ಯಾರೋ ಆಟಿಕೆಯನ್ನು ದಾರಕ್ಕೆ ಕಟ್ಟಿ ತೂಗುಹಾಕಿದಂತೆ ಅನ್ನಿಸುತ್ತದೆ. ಮೋಡವಿದ್ದ ದಿನವಂತೂ ವಿಮಾನದ ಕೆಳಭಾಗ ಪೂರ್ತಿ ಕಪ್ಪಾಗಿ ಬರುತ್ತದೆ.

ಎರಡನೆಯದು ಹಂಚಿಕೊಳ್ಳುವುದರ ಬಗ್ಗೆ. ಪಕ್ಕದ ಮನೆಯ ಹಿರಿಯರೊಬ್ಬರು, ವಿಮಾನದ ಚಿತ್ರ ತೆಗೆಯುವುದೇ ಅಪರಾಧ, ಜಾಲತಾಣದಲ್ಲಿ ಹಾಕಿದರೆ ಪೊಲೀಸರು ಮನೆಗೆ ಬರುತ್ತಾರೆ ಎಂದು ಮಾವನಿಗೆ ಹೇಳಿದ್ದಾರೆ. ಮಾವ ಅಂದಿನಿಂದ ಮಾಳಿಗೆಯ ಬೀಗದ ಕೈ ಕೊಡಲು ಹಿಂದೆಮುಂದೆ ನೋಡುತ್ತಿದ್ದಾರೆ. ಇದರ ನಡುವೆ ನಾನು ಹಾಕಿದ್ದ ಒಂದು ಚಿತ್ರವನ್ನು ಸ್ಥಳೀಯ ಸುದ್ದಿಯ ಪುಟವೊಂದು, ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿ, ತನ್ನದೆಂಬಂತೆ ಬಳಸಿಕೊಂಡಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ – ನಿವೃತ್ತ ಮೇಷ್ಟ್ರು, ನವನಗರ

ನಿಮ್ಮ ಮೊದಲ ತೊಂದರೆಗೆ ಉತ್ತರ ಲೆಕ್ಕದಲ್ಲಿದೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು ಲೆಕ್ಕ ಬಿಟ್ಟು ಮಾತನಾಡಲಾರೆ, ಸಹಿಸಿಕೊಳ್ಳಿ. ಎಟಿಆರ್ 72ರ ಪ್ರತಿ ಪ್ರೊಪೆಲ್ಲರಿಗೆ ಆರು ಅಲಗುಗಳು, ಅಂದರೆ ಒಂದರಿಂದ ಇನ್ನೊಂದಕ್ಕೆ 60 ಡಿಗ್ರಿ ಅಂತರ. ಮೇಲೇರುವಾಗ ಅದು ನಿಮಿಷಕ್ಕೆ 1,200 ಸುತ್ತು, ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ನಿಮ್ಮ 1/1000 ಸೆಕೆಂಡಿನಲ್ಲಿ ಅಲಗು ಸರಿಯುವುದು ಕೇವಲ 7 ಡಿಗ್ರಿಯಷ್ಟು. ಆದ್ದರಿಂದಲೇ ಅದು ನಿಂತಂತೆ ಕಾಣುತ್ತದೆ. ಅದೇ 1/125ಕ್ಕೆ ಇಳಿಸಿದರೆ ಅಲಗು ಸುಮಾರು 58 ಡಿಗ್ರಿ ಸರಿದು ಪಕ್ಕದ ಅಲಗಿನ ಜಾಗವನ್ನು ಹೆಚ್ಚುಕಡಿಮೆ ಮುಟ್ಟುತ್ತದೆ, ಚಿತ್ರದಲ್ಲಿ ತುಂಬಿದ ಚಕ್ರ ಕಾಣುತ್ತದೆ. ಇಳಿಯುವಾಗ ಸುತ್ತು ಇನ್ನೂ ಕಡಿಮೆಯಿರುವುದರಿಂದ ಚಕ್ರ ಪೂರ್ತಿ ತುಂಬಬೇಕಾದರೆ ಶಟರ್ ಇನ್ನೂ ನಿಧಾನವಾಗಬೇಕು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿದ್ದರೆ 1/125 ಸೆಕೆಂಡಿನಲ್ಲಿ 44 ಸೆಂ.ಮೀ. ಮುಂದೆ ಹೋಗಿರುತ್ತದೆ. ನೀವು ಕ್ಯಾಮೆರಾವನ್ನು ಅದೇ ವೇಗದಲ್ಲಿ ತಿರುಗಿಸದಿದ್ದರೆ, 300 ಮೀಟರ್ ದೂರದಿಂದ 300 ಮಿ.ಮೀ. ಲೆನ್ಸಿನಲ್ಲಿ ಆ ಸರಿತ ನಿಮ್ಮ ಸೆನ್ಸರಿನ ಮೇಲೆ ನೂರಕ್ಕೂ ಹೆಚ್ಚು ಪಿಕ್ಸೆಲ್ ಅಗಲದ ಮಸುಕಾಗಿ ಬೀಳುತ್ತದೆ. ಆದ್ದರಿಂದ ಪಾದಗಳನ್ನು ವಿಮಾನ ಬರುವ ದಿಕ್ಕಿಗಲ್ಲ, ನೀವು ಚಿತ್ರ ತೆಗೆಯಬೇಕೆಂದಿರುವ ದಿಕ್ಕಿಗೆ ಇಟ್ಟು, ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಸೊಂಟದಿಂದ ಮೇಲೆ ಮಾತ್ರ ತಿರುಗಿರಿ. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಫೋಕಸ್ ನಿರಂತರವಾಗಿ ಹಿಂಬಾಲಿಸುವ ಕ್ರಮದಲ್ಲಿರಲಿ: ಕ್ಯಾನನ್‌ನಲ್ಲಿ ಅದಕ್ಕೆ ಎಐ ಸರ್ವೊ ಎಂದೂ ನಿಕಾನ್‌ನಲ್ಲಿ ಎಎಫ್-ಸಿ ಎಂದೂ ಹೆಸರು.

ಸ್ಟಾರ್ ಏರ್‌ನ ಎಂಬ್ರೇಯರ್ ಬಂದರೆ ಈ ಯಾವ ತಾಪತ್ರಯವೂ ಇಲ್ಲ, ಅದು ಜೆಟ್. ನಿಮ್ಮ 1/1000 ಅದಕ್ಕೆ ಸರಿಯಾಗಿದೆ.

ಉತ್ತರ – ಮುಗಿಲು ನೋಡುವವ, ಗದಗ

ಮೇಷ್ಟ್ರ ಲೆಕ್ಕ ಸರಿಯಾದರೂ ಹೊಸಬರನ್ನು ನೇರವಾಗಿ 1/125ಕ್ಕೆ ಇಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಾನು ಹಾಗೆ ಮಾಡಿ ಮೊದಲ ದಿನ ಒಂದು ಚಿತ್ರವನ್ನೂ ಉಳಿಸಿಕೊಳ್ಳದೆ ಮನೆಗೆ ಮರಳಿದವನು. 1/320ರಿಂದ ಆರಂಭಿಸಿ ಕೈ ಪಳಗಿದಂತೆ ಒಂದೊಂದೇ ಮೆಟ್ಟಿಲು ಇಳಿಯಿರಿ. ಅಲಗು ಸ್ವಲ್ಪ ಹರಡಿದರೂ ಆಟಿಕೆಯ ಭಾವ ಹೋಗುತ್ತದೆ.

ಕಪ್ಪಾಗುವುದರ ಬಗ್ಗೆ ಹೇಳುವುದಾದರೆ, ಇಂಡಿಗೊ ವಿಮಾನದ ಹೊಟ್ಟೆಯೇ ಕಡುನೀಲಿ. ಅದರ ಹಿಂದೆ ಮುಂಗಾರಿನ ಬಿಳಿ ಮುಗಿಲಿದ್ದಾಗ ಕ್ಯಾಮೆರಾ ಮುಗಿಲನ್ನು ಅಳೆದು ಬೆಳಕು ತಗ್ಗಿಸುತ್ತದೆ. ಎಕ್ಸ್‌ಪೋಶರ್ ಸರಿದೂಗಿಸುವ ಗುಂಡಿಯಿಂದ ಒಂದು ಹಂತ ಹೆಚ್ಚಿಸಿ ನೋಡಿ. ಮುಗಿಲು ಬೆಳ್ಳಗಾದರೆ ಆಗಲಿ, ನೀವು ಬಂದಿರುವುದು ಮುಗಿಲನ್ನು ಸೆರೆಹಿಡಿಯಲಿಕ್ಕಲ್ಲ.

ಆದರೆ ನಿಜವಾದ ಪರಿಹಾರ ಗುಂಡಿಗಳಲ್ಲಿಲ್ಲ, ಕಾಲ ಮತ್ತು ದಿಕ್ಕುಗಳಲ್ಲಿದೆ. ಹುಬ್ಬಳ್ಳಿಯ ರನ್‌ವೇಗೆ 08 ಮತ್ತು 26 ಎಂಬ ಸಂಖ್ಯೆಗಳಿವೆ, ಹತ್ತರಿಂದ ಗುಣಿಸಿದರೆ ಅವು ದಿಕ್ಸೂಚಿಯ ಡಿಗ್ರಿಗಳು. ಅಂದರೆ ಅದು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಮಲಗಿದೆ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ಮುಂಗಾರಿನಲ್ಲಿ ಪಡುವಣ ಗಾಳಿ ಬೀಸುವುದರಿಂದ ಅವು ಊರಿನ ಕಡೆಯಿಂದ, ನಿಮ್ಮ ಮಾವನವರ ಮಾಳಿಗೆಯ ಕಡೆಯಿಂದ ಬಂದು ಇಳಿಯುತ್ತವೆ. ಹಿಂಗಾರು ಮುಗಿದು ಮೂಡಗಾಳಿ ನೆಲೆನಿಂತ ಮೇಲೆ ಅದೇ ಮಾಳಿಗೆಯಿಂದ ನಿಮಗೆ ಏರುವ ವಿಮಾನಗಳು ಸಿಗಬೇಕು. ಆಗ ಚಳಿಗಾಲದ ಸೂರ್ಯ ದಿನವಿಡೀ ದಕ್ಷಿಣದಲ್ಲೇ ಇರುತ್ತಾನೆ. ವಿಮಾನದ ಹಾದಿ ನಿಮ್ಮ ಉತ್ತರಕ್ಕೆ ಇದ್ದರೆ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಅದರ ಮೈಮೇಲೆ ಬೀಳುತ್ತದೆ. ಮೇ ತಿಂಗಳ ಆರಂಭದಿಂದ ಆಗಸ್ಟ್ ನಡುವಿನವರೆಗೆ ಮಾತ್ರ ನಮ್ಮ ಭಾಗದಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಆಗ ಈ ಲೆಕ್ಕ ತಿರುವುಮುರುವು. ಬೇಸಿಗೆಯ ಮಧ್ಯಾಹ್ನ ಎರೆಹೊಲದ ಮೇಲಿಂದ ಏಳುವ ಝಳದಲ್ಲಿ ಎಂಥ ಲೆನ್ಸಿನ ಚಿತ್ರವೂ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಬೆಳಗಿನ ಒಂಬತ್ತರೊಳಗೆ ಕೆಲಸ ಮುಗಿಸಿ.

ನೃಪತುಂಗ ಬೆಟ್ಟದಿಂದ ನಿಲ್ದಾಣ ಕಾಣುತ್ತದೆಯೆಂದು ಅಲ್ಲಿಗೆ ಹೋಗುವವರಿದ್ದಾರೆ. ನೋಡಲು ಚೆಂದ, ಚಿತ್ರಕ್ಕೆ ದೂರ. 27 ಮೀಟರ್ ಉದ್ದದ ಎಟಿಆರ್ 4 ಕಿ.ಮೀ. ಆಚೆಗಿದ್ದರೆ 300 ಮಿ.ಮೀ. ಲೆನ್ಸಿನಲ್ಲಿ ಸೆನ್ಸರಿನ ಮೇಲೆ 2 ಮಿ.ಮೀ. ಮಾತ್ರ ಬರುತ್ತದೆ. 600 ಮೀಟರಿನಲ್ಲಿದ್ದರೆ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ. ನಮ್ಮ ಗದಗಿನ ನೆತ್ತಿಯ ಮೇಲೆ 11 ಕಿ.ಮೀ. ಎತ್ತರದಲ್ಲಿ ಬಿಳಿ ಗೆರೆ ಎಳೆಯುತ್ತ ಸಾಗುವ ಎ320 ವಿಮಾನ ನನಗೆ ಸಿಗುವುದು 250 ಪಿಕ್ಸೆಲ್‌ಗಳಷ್ಟು. ಆದರೂ ತೆಗೆಯುತ್ತೇನೆ. ಹುಚ್ಚು ಅನ್ನಿ.

ಉತ್ತರ – ಕಲಂ ನೋಡಿ ಮಾತಾಡುವವಳು, ಧಾರವಾಡ

ನಾನು ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತೇನೆ. ಪಕ್ಕದ ಮನೆಯ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. 1937ರ ವಿಮಾನ ನಿಯಮಗಳ 13ನೆಯ ನಿಯಮವು ಸರ್ಕಾರಿ ವಿಮಾನ ನಿಲ್ದಾಣದಲ್ಲಿಯೂ ಹಾರುತ್ತಿರುವ ವಿಮಾನದೊಳಗಿನಿಂದಲೂ ಲಿಖಿತ ಅನುಮತಿಯಿಲ್ಲದೆ ಚಿತ್ರ ತೆಗೆಯುವುದನ್ನು ನಿರ್ಬಂಧಿಸಿತ್ತು. ಜನರ ಬಾಯಲ್ಲಿ ಉಳಿದಿರುವುದು ಅದೇ. ಆ ನಿಯಮಗಳ ಮೂಲವಾಗಿದ್ದ 1934ರ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಂದು ಜಾರಿಗೆ ಬಂದಿದೆ. ಪ್ರಯಾಣಿಕರು ತಮ್ಮ ಕಿಟಕಿಯಿಂದ ಚಿತ್ರ ತೆಗೆಯುವುದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅವಕಾಶ ಕೊಟ್ಟಿದೆ, ಆದರೆ ಅದು ಸುರಕ್ಷತೆಗೆ ತೊಡಕಾಗಬಾರದು. ನೀವು ಕೇಳುತ್ತಿರುವುದು ಇವೆರಡೂ ಅಲ್ಲ: ನಿಲ್ದಾಣದ ಹೊರಗೆ, ಖಾಸಗಿ ಮಾಳಿಗೆಯ ಮೇಲೆ ನಿಂತು ಆಕಾಶದಲ್ಲಿರುವ ನಾಗರಿಕ ವಿಮಾನವನ್ನು ಸೆರೆಹಿಡಿಯುವುದು. 13ನೆಯ ನಿಯಮದ ಮಾತುಗಳು ಅಷ್ಟು ದೂರ ಚಾಚುವುದಿಲ್ಲ.

ಹಾಗೆಂದು ಎಲ್ಲ ಕಡೆಯೂ ಹೀಗೆಯೇ ಎಂದುಕೊಳ್ಳಬೇಡಿ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ಕೇಂದ್ರವಿದೆ, ಗೋವೆಯ ದಾಬೋಳಿಯಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯಿದೆ. ಅಂಥ ಸ್ಥಳಗಳ ಆಸುಪಾಸು ಕ್ಯಾಮೆರಾ ಹಿಡಿದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಎದುರಾಗಬಹುದು. ಹುಬ್ಬಳ್ಳಿಯಲ್ಲಿಯೂ ಆವರಣದ ಬೇಲಿ, ಕಾವಲು ಗೋಪುರ, ಭದ್ರತಾ ಸಿಬ್ಬಂದಿ ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ, ಯಾರಾದರೂ ವಿಚಾರಿಸಿದರೆ ವಾದಿಸದೆ ಗುರುತಿನ ಚೀಟಿ ತೋರಿಸಿ ಚಿತ್ರಗಳನ್ನು ತೋರಿಸಿ. ಡ್ರೋನ್ ಮಾತ್ರ ಬೇಡವೇ ಬೇಡ. ಮತ್ತೊಂದು: ಬೀಗದ ಕೈ ಮಾವನವರದು. ಅವರ ಮನಸ್ಸು ಒಪ್ಪದಿದ್ದರೆ ಯಾವ ಕಲಮೂ ನಿಮ್ಮ ನೆರವಿಗೆ ಬರುವುದಿಲ್ಲ.

ಚಿತ್ರ ಕದ್ದವರ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಿಮಗಾಗಿ ನೀವೇ ತೆಗೆದ ಚಿತ್ರಕ್ಕೆ ನೀವೇ ಒಡೆಯರು, ಯಾವ ನೋಂದಣಿಯೂ ಬೇಕಾಗಿಲ್ಲ. ನಿಮ್ಮ ಜೀವಿತಾವಧಿಯುದ್ದಕ್ಕೂ, ಆಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. 57ನೆಯ ಕಲಂ, ಇದರ ಕರ್ತೃ ನಾನೇ ಎಂದು ಹೇಳಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಕ್ಯಾಮೆರಾ ಬರೆದಿಟ್ಟ, ತಿದ್ದದ ಮೂಲ ರಾ (RAW) ಕಡತವನ್ನು ಅಳಿಸದೆ ಇಟ್ಟುಕೊಳ್ಳಿ. ಅದೇ ನಿಮ್ಮ ಸಾಕ್ಷಿ. ಆ ಪುಟದವರಿಗೆ ಮೊದಲು ಸೌಜನ್ಯದಿಂದ ಬರೆಯಿರಿ, ಮಣಿಯದಿದ್ದರೆ ಜಾಲತಾಣದವರಿಗೇ ಕೃತಿಸ್ವಾಮ್ಯದ ದೂರು ಕೊಡಿ.

ಮರು ಉತ್ತರ – ನಿವೃತ್ತ ಮೇಷ್ಟ್ರು, ನವನಗರ

ಎಲ್ಲಿ ಹಾಕಬೇಕೆಂಬುದನ್ನು ನಾವು ಹೇಳಲೇ ಇಲ್ಲ. ಜೆಟ್‌ಫೋಟೋಸ್‌ನಂಥ ತಾಣಕ್ಕೆ ಕಳುಹಿಸಿ ನೋಡಿ. ಅಲ್ಲಿ ಪರಿಶೀಲಕರು ಪ್ರತಿ ಚಿತ್ರವನ್ನೂ ಸೋಸುತ್ತಾರೆ: ವಾಲಿದರೆ, ಮಸುಕಾದರೆ, ಧೂಳಿನ ಕಲೆಯಿದ್ದರೆ, ವಿಪರೀತ ಹರಿತಗೊಳಿಸಿದ್ದರೆ ಹಿಂದಿರುಗಿಸುತ್ತಾರೆ. ಬೇಸರವಾಗುತ್ತದೆ, ಆದರೆ ನೂರು ಮೆಚ್ಚುಗೆಗಿಂತ ಒಂದು ತಿರಸ್ಕಾರದಿಂದ ನಾನು ಹೆಚ್ಚು ಕಲಿತಿದ್ದೇನೆ. ಒಪ್ಪಿದ ಚಿತ್ರಗಳು, ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರಾಡಾರ್24ರಲ್ಲಿ ಆ ವಿಮಾನದ ಜೊತೆ ಕಾಣಿಸಿಕೊಳ್ಳುತ್ತವೆ.

ನಮ್ಮ ದೇಶದ ವಿಮಾನಗಳ ಮೇಲಿರುವ, ವಿಟಿ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಮತ್ತು ದಿನಾಂಕ ಬರೆಯದೆ ಯಾವ ಚಿತ್ರವನ್ನೂ ಹಾಕಬೇಡಿ. ಸ್ಪೈಸ್‌ಜೆಟ್‌ನ ಕ್ಯೂ400 ನಮ್ಮ ಊರಿಗೆ ಬರುತ್ತಿದ್ದ ದಿನಗಳಲ್ಲಿ ನಾನು ತೆಗೆದ ಹಲವು ಚಿತ್ರಗಳಿಗೆ ದಿನಾಂಕವಿಲ್ಲ. ಅವು ಈಗ ಬರೀ ವಿಮಾನದ ಚಿತ್ರಗಳು. 2019ರ ಜನವರಿ 25ರಂದು ಸ್ಟಾರ್ ಏರ್ ತನ್ನ ಸೇವೆಯನ್ನು ಆರಂಭಿಸಿ ಹುಬ್ಬಳ್ಳಿಗೆ ಬಂದ ದಿನದ ಒಂದು ಚಿತ್ರಕ್ಕೆ ಮಾತ್ರ ಬರೆದಿಟ್ಟಿದ್ದೆ, ಅದು ದಾಖಲೆಯಾಯಿತು. ಸ್ಥಳದ ಜಾಗದಲ್ಲಿ ಹುಬ್ಬಳ್ಳಿ ಎಂದರೆ ಸಾಕು. ಕ್ಯಾಮೆರಾ ಅಥವಾ ಮೊಬೈಲ್ ಕಡತದೊಳಗೆ ಬರೆದಿಡುವ ಜಿಪಿಎಸ್ ಗುರುತನ್ನು ಅಳಿಸಿ, ಮಾವನವರ ಮನೆ ಲೋಕಕ್ಕೆಲ್ಲ ಗೊತ್ತಾಗುವುದು ಬೇಡ.

ಪ್ರಶ್ನೆ ಕೇಳಿದವರಿಂದ – ಮಾಳಿಗೆಯ ಕ್ಯಾಮೆರಾ

ಎಲ್ಲರಿಗೂ ಋಣಿ. ವಕೀಲರ ಉತ್ತರವನ್ನು ಮುದ್ರಿಸಿ ಮಾವನಿಗೆ ಓದಿಸಿದೆ. ಬೀಗದ ಕೈ ಸಿಕ್ಕಿತು, ಜೊತೆಗೆ ಅವರೂ ಮೇಲೆ ಬಂದರು. ಗದಗಿನವರು ಹೇಳಿದಂತೆ 1/320ರಿಂದ ಆರಂಭಿಸಿ ಕೊನೆಗೆ 1/160ಕ್ಕೆ ಬಂದೆ. ತೆಗೆದದ್ದು 140, ಉಳಿದದ್ದು 3. ಮೂರರಲ್ಲಿಯೂ ಪ್ರೊಪೆಲ್ಲರ್ ತಿರುಗುತ್ತಿದೆ. ಚಿತ್ರಗಳನ್ನು ಇಲ್ಲಿಯೇ ಲಗತ್ತಿಸಿದ್ದೇನೆ.

ಉತ್ತರ – ಮುಗಿಲು ನೋಡುವವ, ಗದಗ

ಎರಡನೆಯದು ಬಹಳ ಚೆನ್ನಾಗಿದೆ, ಹೊಟ್ಟೆಯ ನೀಲಿ ನೀಲಿಯಾಗಿಯೇ ಬಂದಿದೆ. ಬಾಲದ ಮೇಲ್ಗಡೆ ಬಲಮೂಲೆಯಲ್ಲಿ ಧೂಳಿನ ಕಲೆಯೊಂದಿದೆ. ಮೂರರಲ್ಲೂ ಅದೇ ಜಾಗದಲ್ಲಿರುವುದರಿಂದ ಅದು ಸೆನ್ಸರಿನ ಮೇಲಿನದು. ಕಳುಹಿಸುವ ಮೊದಲು ಅದನ್ನು ಚಿತ್ರದಿಂದ ಅಳಿಸಿಹಾಕಿ.